ತಟ್ಟೆಯ ಎರಡನೇ ಮಗ್ಗುಲು

ನಮ್ಮ ಮಗ ಇರುವುದು ಲಂಡನ್ನಿನಲ್ಲಿ ಎಂದರೆ ಎಲ್ಲರೂ ಇಂಗ್ಲೆಂಡಿನ ಲಂಡನ್ ಎಂದುಕೊಳ್ಳುತ್ತಾರೆ. ಅದಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲೂ ಒಂದು ಲಂಡನ್ ಇದೆ. ಅಲ್ಲಿ ಹರಿಯುವ ನದಿಗೂ ಥೇಮ್ಸ್ ಎಂದೇ ಹೆಸರು. ಹೊಸ ನಾಡಿಗೆ ಹೋದವರು ಹಳೇ ಊರಿನ ಹೆಸರನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೋದ ಸಲ ನಾನೂ ನಮ್ಮಾಕೆಯೂ ಅಲ್ಲಿ ಆರು ತಿಂಗಳು ಇದ್ದು ಬಂದೆವು. ಆಗ ನಡೆದ ಸಂಗತಿ ಇದು.

ಅಲ್ಲಿ ಗ್ಯಾರೇಜ್ ಸೇಲ್ ಅಂತ ಮಾಡುತ್ತಾರೆ. ಮನೆಯಲ್ಲಿ ಬೇಡವಾದ ಸಾಮಾನನ್ನೆಲ್ಲ ಮನೆ ಮುಂದೆ ಮೇಜಿನ ಮೇಲೆ ಹರಡಿ, ಒಂದು ಡಾಲರ್, ಎರಡು ಡಾಲರ್ ಅಂತ ಚೀಟಿ ಅಂಟಿಸಿ ಕೂರುವುದು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಹೀಗೆ ಕೂತಿದ್ದರು. ನಮ್ಮಾಕೆ ಒಂದು ದಪ್ಪ ತಳದ ಬಾಣಲೆ ಆರಿಸಿಕೊಂಡಳು. ಏಳನೇ ತರಗತಿಯ ಮೊಮ್ಮಗಳು ಒಂದು ಎಲ್‌ಪಿ ರೆಕಾರ್ಡು ಎತ್ತಿಕೊಂಡಳು. ಕಂದು ಬಣ್ಣದ ಹೊದಿಕೆ, ನಡುವೆ ಐದು ಜನ ಗಂಡಸರ ಕಪ್ಪು ಬಿಳುಪು ಫೋಟೋ. ಗಡ್ಡ, ಮೀಸೆ, ಮುಖದಲ್ಲಿ ನಗುವಿಲ್ಲ. ನೂರು ವರ್ಷದ ಹಿಂದಿನ ರೈತರೋ ಬಡಗಿಗಳೋ ಇರಬೇಕು ಎಂದುಕೊಂಡೆ. ಆ ಅಜ್ಜಿ ಒಬ್ಬನ ಮುಖದ ಮೇಲೆ ಬೆರಳಿಟ್ಟು, ‘ಇವನು ನಮ್ಮೂರ ಹುಡುಗ’ ಎಂದರು. ಆ ಹುಡುಗನ ಗಡ್ಡ ಎದೆಯವರೆಗೆ ಬಂದಂತಿತ್ತು.

ಮೊಮ್ಮಗಳಿಗೆ ರೆಕಾರ್ಡು ಬೇಕಾಗಿದ್ದುದು ಶಾಲೆಯ ಕೆಲಸಕ್ಕೆ. ಅಜ್ಜ ಅಜ್ಜಿಯರ ಕಾಲದ ಒಂದು ಆಲ್ಬಮ್ ಕೇಳಿ ವಿಮರ್ಶೆ ಬರೆದು ತರಬೇಕು ಎಂದು ಅವಳ ಸಂಗೀತದ ಟೀಚರು ಹೇಳಿದ್ದರಂತೆ.

‘1969 ತಾತ! ನಿನ್ನ ಕಾಲದ್ದೇ. ನಿಂಗೆ ಗೊತ್ತಿರ್ಬೇಕಲ್ಲ?’

1969ರಲ್ಲಿ ನಾನು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಅದು. ನಮ್ಮ ಮನೆಯಲ್ಲಿ ರೇಡಿಯೋ ಇತ್ತು, ಅದೂ ಅಪ್ಪನ ಕೈಯಲ್ಲಿತ್ತು. ಈ ಐದು ಜನರ ಹೆಸರನ್ನು ನಾನು ಕೇಳಿದ್ದು ಎಪ್ಪತ್ತು ದಾಟಿದ ಮೇಲೆ, ಮೊಮ್ಮಗಳ ಬಾಯಲ್ಲಿ.

ಹೆಸರು ಎಂದೆನಲ್ಲ, ಅದೇ ಒಂದು ತಮಾಷೆ. ಮೊದಲಿಗೆ ಈ ತಂಡಕ್ಕೆ ಈಗಿನ ಹೆಸರು ಇರಲಿಲ್ಲ. ಬಾಬ್ ಡಿಲನ್ ಎಂಬ ಹಾಡುಗಾರ ಗೊತ್ತಿರಬಹುದು, 2016ರಲ್ಲಿ ಸಾಹಿತ್ಯದ ನೊಬೆಲ್ ಬಂತಲ್ಲ, ಅವನಿಗೆ ಪಕ್ಕವಾದ್ಯ ನುಡಿಸುತ್ತ ಇವರು ಊರೂರು ಸುತ್ತಿದರು. 1965ರ ಮಾತು. ಅಲ್ಲಿಯವರೆಗೆ ಒಂಟಿ ಗಿಟಾರ್ ಹಿಡಿದು ಜನಪದ ಶೈಲಿಯಲ್ಲಿ ಹಾಡುತ್ತಿದ್ದ ಡಿಲನ್ ಇದ್ದಕ್ಕಿದ್ದಂತೆ ಕರೆಂಟಿನ ಗಿಟಾರ್ ಹಿಡಿದದ್ದು ಜನಕ್ಕೆ ಹಿಡಿಸಲಿಲ್ಲ. ಹೋದಲ್ಲೆಲ್ಲ ಕೂಗಾಟ, ಛೀಮಾರಿ. ದಿನಾ ಬೈಸಿಕೊಳ್ಳಲಾರದೆ ಡ್ರಮ್ಮಿನ ಲೀವನ್ ಹೆಲ್ಮ್ ತಂಡ ಬಿಟ್ಟು ಹೊರಟೇಹೋದ. ಸಮುದ್ರದ ನಡುವೆ ಎಣ್ಣೆ ಬಾವಿ ತೋಡುವ ಕಡೆ ಕೂಲಿ ಮಾಡಿದ. 1967ರಲ್ಲಿ ಗೆಳೆಯರು ಕರೆದ ಮೇಲೆ ಮರಳಿ ಬಂದ. ಆ ಹೊತ್ತಿಗೆ ಇವರೆಲ್ಲ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಎಂಬ ಸಣ್ಣ ಊರಿನ ಹತ್ತಿರ ಗುಲಾಬಿ ಬಣ್ಣದ ಒಂದು ಮನೆ ಬಾಡಿಗೆಗೆ ಹಿಡಿದು, ನೆಲಮಾಳಿಗೆಯಲ್ಲಿ ಹಾಡಿಕೊಂಡಿದ್ದರು. ಊರವರು ಇವರನ್ನು ‘ಆ ಬ್ಯಾಂಡು’ ಎನ್ನುತ್ತಿದ್ದರು. ಅದೇ ಹೆಸರಾಯಿತು, ‘ದಿ ಬ್ಯಾಂಡ್’. ನಮ್ಮಲ್ಲಿ ಹೋಟೆಲಿಗೆ ‘ಹೋಟೆಲ್’ ಎಂದೇ ಬೋರ್ಡು ಹಾಕಿದ ಹಾಗೆ.

ಐವರಲ್ಲಿ ಹೆಲ್ಮ್ ಒಬ್ಬ ಅಮೆರಿಕದ ಆರ್ಕನ್ಸಾ ರಾಜ್ಯದ ಹತ್ತಿ ಬೆಳೆಗಾರನ ಮಗ. ಉಳಿದ ನಾಲ್ವರೂ ಒಂಟಾರಿಯೋದವರು. ರಿಚರ್ಡ್ ಮ್ಯಾನ್ಯುಯೆಲ್ ಹುಟ್ಟಿದ ಸ್ಟ್ರ್ಯಾಟ್‌ಫರ್ಡ್ ನಮ್ಮ ಮಗನ ಮನೆಯಿಂದ ಕಾರಿನಲ್ಲಿ ಒಂದು ಗಂಟೆ. ರಿಕ್ ಡ್ಯಾಂಕೋ ಸಿಮ್ಕೋ ಕಡೆಯ ರೈತರ ಮನೆ ಹುಡುಗ. ರಾಬಿ ರಾಬರ್ಟ್‌ಸನ್ ಟೊರಾಂಟೋದವನು, ಅವನ ತಾಯಿ ಅಲ್ಲಿನ ಮೂಲನಿವಾಸಿಗಳ ಪೈಕಿ. ಗಡ್ಡದ ಗಾರ್ತ್ ಹಡ್ಸನ್ ಬೆಳೆದದ್ದು ಇದೇ ಲಂಡನ್ನಿನಲ್ಲಿ.

ಈ ಹಡ್ಸನ್ನನ ಕಥೆ ಹೇಳದೆ ಮುಂದೆ ಹೋಗಲಾರೆ. ಅವನು ಶಾಸ್ತ್ರೀಯ ಸಂಗೀತ ಕಲಿತವನು. ಉಳಿದವರು ಅವನನ್ನು ತಂಡಕ್ಕೆ ಕರೆದಾಗ ಅವನಿಗೆ ಪೀಕಲಾಟ. ಹೋಟೆಲು ಕ್ಲಬ್ಬುಗಳಲ್ಲಿ ಬಾರಿಸುತ್ತೇನೆ ಎಂದರೆ ಅಪ್ಪ ಅಮ್ಮ ಏನೆಂದಾರು? ಅದಕ್ಕೆ ಒಂದು ಷರತ್ತು ಹಾಕಿದ. ತಂಡದ ಪ್ರತಿಯೊಬ್ಬರೂ ತನಗೆ ವಾರಕ್ಕೆ ಹತ್ತು ಡಾಲರ್ ಫೀಸು ಕೊಟ್ಟು ಸಂಗೀತದ ಪಾಠ ಹೇಳಿಸಿಕೊಳ್ಳಬೇಕು. ಆಗ ಮನೆಯಲ್ಲಿ, ‘ನಾನು ಸಂಗೀತದ ಮೇಷ್ಟ್ರಾಗಿ ಹೋಗುತ್ತಿದ್ದೇನೆ’ ಎನ್ನಬಹುದಲ್ಲ! ಇದನ್ನು ಕೇಳಿ ನಮ್ಮಾಕೆ, ‘ಇವನು ನಮ್ಮ ಕಡೆಯವನೇ ಸರಿ’ ಎಂದಳು.

ಅವರ ಮೊದಲನೇ ಆಲ್ಬಮ್ 1968ರ ಜುಲೈನಲ್ಲಿ ಬಂತು. ಗುಲಾಬಿ ಮನೆಯ ಹೆಸರನ್ನೇ ಅದಕ್ಕಿಟ್ಟರು. ಅದರ ಒಳಪುಟದಲ್ಲಿ ಒಂದು ಫೋಟೋ ಇದೆ, ಮಗ ಕಂಪ್ಯೂಟರಿನಲ್ಲಿ ತೋರಿಸಿದ. ಡ್ಯಾಂಕೋ ಮನೆಯವರ ಹೊಲದಲ್ಲಿ ಐವರೂ ತಮ್ಮ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಚಿಳ್ಳೆಪಿಳ್ಳೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಸಿದ್ದು, ಥೇಟ್ ನಮ್ಮ ಮದುವೆ ಮನೆಯ ಗ್ರೂಪ್ ಫೋಟೋ. ದೂರದಿಂದ ಬರಲಾಗದ ಹೆಲ್ಮನ ತಂದೆತಾಯಿಯ ಚಿತ್ರವನ್ನು ಮೂಲೆಯಲ್ಲಿ ಬೇರೆ ಅಂಟಿಸಿದ್ದಾರೆ. ಹಿರಿಯರನ್ನು ನಂಬಲೇಬೇಡಿ ಎಂದು ಹುಡುಗರು ಕೂಗುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಇವರು ಅಜ್ಜಿಯನ್ನು ಕರೆತಂದು ಮುಂದೆ ನಿಲ್ಲಿಸಿದರು. ನನಗೆ ಅವರ ಮೇಲೆ ಮನಸ್ಸು ಬಂದದ್ದು ಆ ಫೋಟೋ ನೋಡಿದಾಗ, ಹಾಡು ಕೇಳುವುದಕ್ಕೆ ಮೊದಲೇ.

ಆ ಮೊದಲ ಆಲ್ಬಮ್ಮಿಗೆ ಸಿಕ್ಕ ಹೊಗಳಿಕೆ ಸಾಮಾನ್ಯವಲ್ಲ. ಇಂಗ್ಲೆಂಡಿನ ಎರಿಕ್ ಕ್ಲ್ಯಾಪ್ಟನ್‌ನಂಥ ಗಿಟಾರ್ ವಾದಕನೇ ಅದಕ್ಕೆ ಮಾರುಹೋದ. ಹೀಗಾದಾಗಲೇ ಕಷ್ಟ. ಮೊದಲ ಮಗುವಿನ ಚಂದವನ್ನು ಊರೆಲ್ಲ ಹೊಗಳಿದರೆ ಎರಡನೆಯದು ತೊಟ್ಟಿಲಲ್ಲಿ ಇರುವಾಗಲೇ ಹೋಲಿಕೆ ಶುರು. ನಾನು ನಮ್ಮ ಮನೆಯಲ್ಲಿ ಎರಡನೆಯವನು, ಅನುಭವದ ಮಾತು.

1969ರ ಮೊದಲ ತಿಂಗಳುಗಳಲ್ಲಿ ಅವರು ಎರಡನೆಯದಕ್ಕೆ ಕೂತರು. ದೊಡ್ಡ ಸ್ಟುಡಿಯೋ ಬೇಡವೆಂದು, ಹಾಲಿವುಡ್ ಗುಡ್ಡದ ಮೇಲೆ ಸ್ಯಾಮಿ ಡೇವಿಸ್ ಜೂನಿಯರ್ ಎಂಬ ಕಲಾವಿದನ ಮನೆ ಹಿಡಿದು, ಈಜುಕೊಳದ ಪಕ್ಕದ ಕೋಣೆಯಲ್ಲೇ ಮೈಕು, ಯಂತ್ರ ಜೋಡಿಸಿಕೊಂಡರು. ಯಾರ ವಾದ್ಯ ಯಾರ ಕೈಯಲ್ಲಿ ಎಂಬ ಲೆಕ್ಕವಿಲ್ಲ. ಒಂದು ಹಾಡಿನಲ್ಲಂತೂ ಡ್ರಮ್ಮಿನವನು ಮ್ಯಾಂಡೊಲಿನ್ ಹಿಡಿದ, ಪಿಯಾನೋದವನು ಡ್ರಮ್ ಬಾರಿಸಿದ, ಬೇಸ್ ಗಿಟಾರಿನವನು ಪಿಟೀಲು ನುಡಿಸಿದ. ಕೆಲಸ ನೋಡಿಕೊಳ್ಳಲು ಬಂದಿದ್ದ ನಿರ್ಮಾಪಕ ಜಾನ್ ಸೈಮನ್ ಟ್ಯೂಬಾ ಎಂಬ ದೊಡ್ಡ ಕಹಳೆ ಊದಿದ.

ಈ ನಡುವೆ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಸ್ವಂತ ಹೆಸರಿನ ಮೊದಲ ಕಚೇರಿ. ಹಾಡು ಬರೆಯುವ ರಾಬರ್ಟ್‌ಸನ್‌ಗೆ ಏಳಲಾರದಷ್ಟು ಜ್ವರ. ಕೊನೆಗೆ ಸಮ್ಮೋಹನ ವಿದ್ಯೆಯವನೊಬ್ಬನನ್ನು ಕರೆಸಿ, ಅವನು ಏನೇನೋ ಹೇಳಿ ಧೈರ್ಯ ತುಂಬಿ, ವೇದಿಕೆಯ ಪಕ್ಕದಲ್ಲೇ ನಿಂತು ನುಡಿಸುವಂತೆ ಮಾಡಿದನಂತೆ. ವಾರ್ಷಿಕೋತ್ಸವದ ದಿನವೇ ಹೊಟ್ಟೆನೋವು ಬರುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬಹುದು. ನೆಪ ಮಾಡಿಕೊಳ್ಳಬಾರದು ಅಷ್ಟೆ.

ಎರಡನೇ ಆಲ್ಬಮ್ 22 ಸೆಪ್ಟೆಂಬರ್ 1969ರಂದು ಬಿಡುಗಡೆಯಾಯಿತು. ಅದರ ಹೆಸರೂ ‘ದಿ ಬ್ಯಾಂಡ್’ ಅಷ್ಟೇ. ಹೊದಿಕೆಯ ಬಣ್ಣದಿಂದ ಜನ ಅದನ್ನು ಕಂದು ಆಲ್ಬಮ್ ಎಂದರು. ಅದೇ ನಮ್ಮ ಒಂದು ಡಾಲರಿನ ರೆಕಾರ್ಡು.

ಮಗನ ಮನೆಯಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ಇತ್ತು. ಮುಳ್ಳು ತಾಗಿದ್ದೇ ಚರಚರ ಸದ್ದು, ಒಗ್ಗರಣೆ ಹಾಕಿದ ಹಾಗೆ. ಆಮೇಲೆ ಹಾಡು. ನಾನು ನಿರೀಕ್ಷಿಸಿದ ಅಬ್ಬರ ಇರಲಿಲ್ಲ. ಮೂರು ಜನ ಹಾಡುವವರು, ಒಬ್ಬನ ದನಿ ಮುಗಿಯುವ ಮೊದಲೇ ಇನ್ನೊಬ್ಬ ಸೇರಿಕೊಳ್ಳುತ್ತಾನೆ, ಭಜನೆ ಮನೆಯಲ್ಲಿ ಆಗುವಂತೆ. ಒಂದು ಹಾಡಿನಲ್ಲಿ ‘ಬೊಯ್ಂಯ್ ಬೊಯ್ಂಯ್’ ಎಂಬ ಸದ್ದು ಬಂದದ್ದೇ ನಾನು ನೆಟ್ಟಗೆ ಕೂತೆ.

‘ಇದು ಮೋರ್ಸಿಂಗ್ ಕಣೇ!’

ಮೋರ್ಸಿಂಗ್ ಅಲ್ಲವಂತೆ. ಹಡ್ಸನ್ ಒಂದು ಬಗೆಯ ಕರೆಂಟಿನ ಕೀಬೋರ್ಡನ್ನು ಕಾಲಲ್ಲಿ ತುಳಿಯುವ ಪೆಡಲ್ಲಿಗೆ ಸೇರಿಸಿ ಆ ದನಿ ಹೊರಡಿಸಿದ್ದ. ಅಲ್ಲಿನ ಹಳ್ಳಿಗರು ಹಲ್ಲಿಗೆ ಕಚ್ಚಿಕೊಂಡು ನುಡಿಸುವ, ನಮ್ಮ ಮೋರ್ಸಿಂಗ್‌ನ ದಾಯಾದಿಯಾದ ವಾದ್ಯವೊಂದಿದೆ. ಅದರ ಅನುಕರಣೆ ಅದು. ಆ ಹಾಡಿಗೆ ‘ಅಪ್ ಆನ್ ಕ್ರಿಪಲ್ ಕ್ರೀಕ್’ ಎಂದು ಹೆಸರು. ಹಳ್ಳಿಯ ಪಿಟೀಲು, ಮ್ಯಾಂಡೊಲಿನ್, ಹೊಲ, ಕುದುರೆ, ಸುಗ್ಗಿ ಇವೆಲ್ಲ ಇರುವುದರಿಂದ ಇದನ್ನು ಕಂಟ್ರಿ ಸಂಗೀತದ ಕುಲಕ್ಕೆ ಸೇರಿಸುತ್ತಾರೆ. ಮಡಿವಂತರು ಒಪ್ಪುವುದಿಲ್ಲ, ಇದರಲ್ಲಿ ಕರಿಯರ ಬ್ಲೂಸ್, ಚರ್ಚಿನ ಹಾಡು, ರಾಕ್ ಎಲ್ಲ ಬೆರೆತಿದೆ ಎನ್ನುತ್ತಾರೆ. ಬೆರೆತಿರುವುದು ನಿಜ. ಬೆರೆತದ್ದೇ ಚೆನ್ನಾಗಿದೆ.

ಆರನೇ ಹಾಡಿನ ಹೊತ್ತಿಗೆ ನಾನು ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದೆನಂತೆ. ಎಚ್ಚರವಾದಾಗ ಮೊಮ್ಮಗಳು ಬರೆಯಲು ಕೂತಿದ್ದಳು. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ‘ಬರ್ಕೋ, ಮೊದಲೆರಡು ಹಾಡು ಚೆನ್ನಾಗಿದೆ, ಆಮೇಲೆ ಸ್ವಲ್ಪ ಎಳೆದಾಟ’ ಎಂದೆ.

‘ಆಮೇಲೆ ನೀನು ಮಲಗಿದ್ದೆ ತಾತ.’

‘ನೀನು ಪೂರ್ತಿ ಕೇಳಿದ್ಯಾ?’

‘ಒಂದು ಸೈಡು ಕೇಳಿದೀನಿ. ಇನ್ನೊಂದೂ ಹೀಗೇ ಇರತ್ತೆ ಬಿಡು.’

ಆ ರಾತ್ರಿ ಊಟದ ಹೊತ್ತಿಗೆ ಮಗ ಒಂದು ಕಥೆ ಹೇಳಿದ. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಎಂಬ ವಿಮರ್ಶಕ ಇದ್ದ. ಆಗ 27 ವರ್ಷ. ಅದೇ ವರ್ಷ ಅವನು ಆಲ್ಬಮ್ಮುಗಳಿಗೆ ಶಾಲೆಯಲ್ಲಿ ಕೊಡುವಂತೆ ಎ, ಬಿ, ಸಿ ಎಂದು ದರ್ಜೆ ಕೊಡುವ ಅಂಕಣ ಶುರು ಮಾಡಿದ್ದ. ಎಲ್ಲರೂ ಹೊಗಳಿದ ಮೊದಲ ಆಲ್ಬಮ್ ಅವನಿಗೆ ಹಿಡಿಸಿರಲಿಲ್ಲ. ಎರಡನೆಯದು ಬಂದಾಗ, ಇದನ್ನು ಸರಿಯಾಗಿ ಜಾಡಿಸಬೇಕು ಎಂದು ಮೊದಲೇ ತೀರ್ಮಾನಿಸಿದ್ದ. ಕೇಳಿದ. ಬೈಯಲು ಆಗಲಿಲ್ಲ. ಎ ಪ್ಲಸ್ ಕೊಟ್ಟ. ಅಷ್ಟೇ ಅಲ್ಲ, ನಾಲ್ಕು ದಿನದ ನಂತರ ಬಂದ ಬೀಟಲ್ಸ್ ತಂಡದ ‘ಆ್ಯಬಿ ರೋಡ್’ಗಿಂತ ಇದೇ ಮೇಲು ಎಂದುಬಿಟ್ಟ.

ಬೇರೆಯವರೂ ಹೊಗಳಿದರು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಹಿರಿಯ ವಿಮರ್ಶಕ ರಾಲ್ಫ್ ಗ್ಲೀಸನ್ ಮೆಚ್ಚಿ ಬರೆದರು. 1970ರ ಜನವರಿಯಲ್ಲಿ ‘ಟೈಮ್’ ವಾರಪತ್ರಿಕೆ ಇವರ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಕಂಟ್ರಿ ರಾಕ್‌ನ ಹೊಸ ದನಿ ಎಂದು ಕರೆಯಿತು. ಮೊದಲ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 30ನೇ ಸ್ಥಾನ ಮುಟ್ಟಿದ್ದರೆ ಇದು 9ಕ್ಕೆ ಏರಿತು. ಈ ದೇಶದಲ್ಲಿ ಕಾಪಾಡಿ ಇಡಬೇಕಾದ ದನಿಗಳು ಎಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾಡುವ ಪಟ್ಟಿಗೆ 2009ರಲ್ಲಿ ಸೇರಿತು.

ಮಗ ಇದನ್ನೆಲ್ಲ ಹೇಳುತ್ತಿದ್ದ. ನನ್ನ ತುತ್ತು ಕೈಯಲ್ಲೇ ಇತ್ತು. ಮನಸ್ಸು ನಿಂತದ್ದು ಆ 27 ವರ್ಷದ ವಿಮರ್ಶಕನ ಹತ್ತಿರ.

ಯಾಕೆಂದರೆ ನಾನೂ ವಿಮರ್ಶಕನಾಗಿದ್ದೆ. ಎಂಬತ್ತರ ದಶಕದ ಮೊದಲಲ್ಲಿ, ಹೈಸ್ಕೂಲು ಮೇಷ್ಟ್ರಾಗಿದ್ದಾಗ, ಊರಿನ ಒಂದು ಪತ್ರಿಕೆಗೆ ಸಂಗೀತ ಕಚೇರಿಗಳ ಬಗ್ಗೆ ಬರೆಯುತ್ತಿದ್ದೆ. ಗಣಪತಿ ಪೆಂಡಾಲಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಮೊದಲ ಕಚೇರಿ ಕೇಳಿ ಬಾಯಿತುಂಬ ಹೊಗಳಿ ಬರೆದೆ. ಸ್ವಲ್ಪ ಹೆಚ್ಚೇ ಹೊಗಳಿದೆ ಅಂತಿಟ್ಟುಕೊಳ್ಳಿ. ಸ್ಟಾಫ್ ರೂಮಿನಲ್ಲಿ ‘ಏನ್ ಮೇಷ್ಟ್ರೇ, ಸರಸ್ವತಿನೇ ಇಳಿದು ಬಂದಿದ್ಲಂತೆ’ ಎಂದು ರೇಗಿಸಿದರು. ಅದು ಚುಚ್ಚಿತು. ಮರುವರ್ಷ ರಾಮನವಮಿಗೆ ಅವಳ ಎರಡನೇ ಕಚೇರಿ. ಈ ಸಲ ನನ್ನ ನಿಷ್ಠುರತೆ ತೋರಿಸಬೇಕು ಎಂದು ಸೈಕಲ್ ತುಳಿಯುತ್ತ ಹೋಗುವಾಗಲೇ ಲೇಖನದ ಮೊದಲ ಸಾಲು ಹೊಸೆದಿದ್ದೆ. ಬಾಗಿಲ ಹತ್ತಿರ ಕೂತೆ. ತನಿ ಆವರ್ತನ ಮುಗಿದದ್ದೇ ಎದ್ದೆ, ಪತ್ರಿಕಾ ಕಚೇರಿಗೆ ಬರಹ ಮುಟ್ಟಿಸಬೇಕಿತ್ತು. ಅಲ್ಲೇ ಮೇಜಿನ ತುದಿಯಲ್ಲಿ ಕೂತು ಬರೆದುಕೊಟ್ಟೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಕೊನೆಯ ದೇವರನಾಮಗಳಲ್ಲಿ ಅವಸರ ಎದ್ದು ಕಾಣುತ್ತಿತ್ತು.

ಎರಡು ದಿನ ಬಿಟ್ಟು ಸಂಜೆ ಹುಡುಗಿಯ ತಂದೆ ಮನೆಗೆ ಬಂದರು. ಯಾವುದೋ ಆಫೀಸಿನಲ್ಲಿ ಗುಮಾಸ್ತರು. ನಮ್ಮಾಕೆ ಕಾಫಿ ಕೊಟ್ಟಳು. ಕುಡಿದು, ಲೋಟ ಕೆಳಗಿಟ್ಟು ಕೇಳಿದರು:

‘ಸರ್, ಕೊನೇಲಿ ದೇವರನಾಮದ ಹೊತ್ತಿಗೆ ತಾವು ಇದ್ರಾ?’

‘ಇದ್ದೆ’ ಎಂದೆ.

‘ತನಿ ಮುಗಿದ ಮೇಲೆ ಕರೆಂಟು ಹೋಯ್ತು ಸರ್. ಮೈಕಿಲ್ಲ. ಯಾರೋ ಲಾಟೀನು ತಂದಿಟ್ರು. ಹಿಂದೆ ಕೂತೋರೆಲ್ಲ ಎದ್ದು ಬಂದು ಅವಳ ಹತ್ರ ಕೂತ್ರು. ಅರ್ಧ ಗಂಟೆ ಒಂದೇ ಒಂದು ದೇವರನಾಮ ಹಾಡಿದ್ಲು.’

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ‘ತಾವು ಇದ್ರಿ ಅಂದ್ರೆ ಸರಿ ಸರ್’ ಎಂದು ಕೈ ಮುಗಿದು ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ನಾನು ತಿದ್ದುಪಡಿ ಬರೆಯಲಿಲ್ಲ. ಮರುವರ್ಷ ವರ್ಗವಾಗಿ ಬೇರೆ ಊರಿಗೆ ಹೋದೆ.

ಇದನ್ನು ನಮ್ಮಾಕೆಗೂ ಪೂರ್ತಿ ಹೇಳಿರಲಿಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ಎಲ್ಲರೆದುರು ಹೇಳಿದೆ. ನಮ್ಮಾಕೆ, ‘ಕಾಫಿಗೆ ಸಕ್ಕರೆ ಸಾಲದೆ ಅವರು ಮುಖ ಸಪ್ಪೆ ಮಾಡ್ಕೊಂಡ್ರು ಅಂದ್ಕೊಂಡಿದ್ದೆ’ ಎಂದಳು. ಯಾರೂ ನಗಲಿಲ್ಲ.

ಮೊಮ್ಮಗಳು ಕೇಳಿದಳು: ‘ಆಮೇಲೆ ಆ ಅಕ್ಕ ಹಾಡಿದ್ರಾ ತಾತ?’

‘ಗೊತ್ತಿಲ್ಲ ಪುಟ್ಟಿ.’

‘ನೀನು ಕೇಳ್ಲೇ ಇಲ್ವಾ ಯಾರನ್ನೂ?’

ಕೇಳಿರಲಿಲ್ಲ. ಏನು ಉತ್ತರ ಬರುತ್ತದೋ ಎಂಬ ಹೆದರಿಕೆ.

ಮರುದಿನ ಶನಿವಾರ. ಅವಳೇ ರೆಕಾರ್ಡು ಹಾಕಿದಳು, ಮೊದಲಿನಿಂದ. ನಾನು ಆರಾಮ ಕುರ್ಚಿ ಬಿಟ್ಟು ಊಟದ ಮೇಜಿನ ಗಟ್ಟಿ ಕುರ್ಚಿಯಲ್ಲಿ ಕೂತೆ. ಹಾಡಿನ ಅರ್ಥ ಅವಳೇ ಹೇಳುತ್ತ ಹೋದಳು. ನಾಲ್ಕನೇ ಹಾಡಿನಲ್ಲಿ ಅಜ್ಜನ ಬುದ್ಧಿಮಾತು ನೆನೆಯುವ ಹುಡುಗನಿದ್ದಾನೆ. ಮೂರನೆಯದು ತುಂಬ ಹೆಸರಾದದ್ದು, 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯುವಾಗ ಸೋತ ದಕ್ಷಿಣದ ಒಬ್ಬ ಬಡ ರೈತ, ತಮ್ಮ ಊರು ಬಿದ್ದ ರಾತ್ರಿಯನ್ನೂ ಸತ್ತ ಅಣ್ಣನನ್ನೂ ನೆನೆದು ಹಾಡುವುದು. ಬರೆದ ರಾಬರ್ಟ್‌ಸನ್ ಕೆನಡಾದವನು, ಗ್ರಂಥಾಲಯದಲ್ಲಿ ಓದಿ ತಿಳಿದು ಬರೆದ. ಹಾಡಿದ ಹೆಲ್ಮ್ ದಕ್ಷಿಣದವನೇ, ಅದಕ್ಕೇ ಗಂಟಲು ತುಂಬಿ ಬಂದಂತಿದೆ. ನನಗೆ ಕಣ್ಣು ಒದ್ದೆಯಾಯಿತು. ಮೊಮ್ಮಗಳು ಮಾತ್ರ ಹುಬ್ಬು ಗಂಟಿಕ್ಕಿದಳು.

‘ಆ ಕಡೆಯವರು ಗುಲಾಮರನ್ನ ಇಟ್ಕೊಂಡಿದ್ರು ಅಲ್ವಾ? ಅವರ ಬಗ್ಗೆ ಹಾಡಲ್ಲಿ ಯಾಕಿಲ್ಲ?’

1969ರ ಹೊಗಳಿಕೆಯ ಭರದಲ್ಲಿ ಇದನ್ನು ಕೇಳಿದವರು ಕಡಿಮೆ. ಈಚೆಗೆ ಅಲ್ಲಿನ ಕರಿಯ ಬರಹಗಾರರು ಇದನ್ನೇ ಗಟ್ಟಿಯಾಗಿ ಕೇಳುತ್ತಿದ್ದಾರೆ. ಹಾಡು ಚೆನ್ನಾಗಿರುವುದೂ ನಿಜ, ಪ್ರಶ್ನೆ ಸರಿಯಾಗಿರುವುದೂ ನಿಜ. ‘ಎರಡನ್ನೂ ಬರಿ’ ಎಂದೆ. ನನಗೆ ಅಷ್ಟೇ ತೋಚಿದ್ದು.

ಆಮೇಲೆ ತಟ್ಟೆ ಮಗುಚಿದೆವು. ಎರಡನೇ ಮಗ್ಗುಲಿನ ಎರಡನೇ ಹಾಡು ‘ರಾಕಿಂಗ್ ಚೇರ್’. ಡ್ರಮ್ಮಿಲ್ಲ, ಮ್ಯಾಂಡೊಲಿನ್, ಅಕಾರ್ಡಿಯನ್ ಇವೆ. ವಯಸ್ಸಾದ ನಾವಿಕನೊಬ್ಬ ತನ್ನ ಹಳೇ ಗೆಳೆಯನಿಗೆ, ಇನ್ನು ಸಾಕು, ಊರಿಗೆ ಹೋಗಿ ತೂಗುಕುರ್ಚಿಯಲ್ಲಿ ಕೂರೋಣ ಎನ್ನುತ್ತಾನೆ. ಹಾಡಿದ ಮ್ಯಾನ್ಯುಯೆಲ್‌ಗೆ ಆಗ ಇಪ್ಪತ್ತಾರು. ಮುದುಕರ ಮನಸ್ಸು ಅವನಿಗೆ ಹೇಗೆ ತಿಳಿಯಿತೋ! ನಮ್ಮಾಕೆ ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿ, ‘ಮೈಸೂರಿಗೆ ಟಿಕೆಟ್ಟು ಯಾವತ್ತಿಗೆ?’ ಎಂದಳು. ಇಂಗ್ಲಿಷು ಅವಳಿಗೆ ಅಷ್ಟಕ್ಕಷ್ಟೆ. ಹಾಡು ಮುಗಿದ ಮೇಲೆ ಮೊಮ್ಮಗಳು ಮುಳ್ಳನ್ನು ಎತ್ತಿ ಮತ್ತೆ ಅದೇ ಹಾಡಿಗೆ ಇಟ್ಟಳು. ನಿನ್ನೆ ಮಲಗಿದ್ದವನಿಗೆ ಇದು ಸಿಗುತ್ತಲೇ ಇರಲಿಲ್ಲ. ಕೊನೆಯದು ಸುಗ್ಗಿಯ ಹಾಡು, ಮಳೆ ಕೈಕೊಟ್ಟು ಸಂಘ ಸೇರಿದ ಬಡ ರೈತನದು. ಅದನ್ನು ನಮ್ಮ ಮಂಡ್ಯದವರು ಕೇಳಬೇಕು.

ಆ ಐವರಲ್ಲಿ ಈಗ ಯಾರೂ ಇಲ್ಲ. ಮ್ಯಾನ್ಯುಯೆಲ್ 1986ರಲ್ಲಿ ಹೋದ, ಡ್ಯಾಂಕೋ 1999ರಲ್ಲಿ, ಹೆಲ್ಮ್ 2012ರಲ್ಲಿ, ರಾಬರ್ಟ್‌ಸನ್ 2023ರಲ್ಲಿ. ಹಾಡು ಬರೆದ ಹೆಸರು, ಹಣ ಯಾರಿಗೆ ಸೇರಬೇಕಿತ್ತು ಎಂದು ಹೆಲ್ಮ್‌ಗೂ ರಾಬರ್ಟ್‌ಸನ್‌ಗೂ ಮನಸ್ತಾಪವಾಗಿ ಬಹಳ ವರ್ಷ ಉಳಿಯಿತು. ಗಾರ್ತ್ ಹಡ್ಸನ್ 2025ರ ಜನವರಿಯಲ್ಲಿ ತೀರಿಕೊಂಡ. ಪಕ್ಕದ ಬೀದಿಯ ಅಜ್ಜಿ ಮಾತ್ರ ಅವನನ್ನು ಈಗಲೂ ಹುಡುಗ ಎನ್ನುತ್ತಾರೆ.

ಮೊಮ್ಮಗಳ ವಿಮರ್ಶೆ ನಾಲ್ಕು ಪುಟವಾಯಿತು. ಮೋರ್ಸಿಂಗ್ ಬಗ್ಗೆ ಒಂದು ಪ್ಯಾರಾ ಇತ್ತು, ತಾತ ಹೇಳಿದ್ದು ಎಂದು ನಮೂದಿಸಿದ್ದಳು. ಮೊದಲ ದಿನ ಅರ್ಧ ಮಾತ್ರ ಕೇಳಿದ್ದೆ ಎಂದೂ ಬರೆದಿದ್ದಳು, ಯಾರೂ ಕೇಳದಿದ್ದರೂ.

ನಾನು ಮೈಸೂರಿಗೆ ಬಂದ ಮೇಲೆ ಹಳೇ ಮೃದಂಗದ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಆ ಹುಡುಗಿ, ಹುಡುಗಿಯೇನು, ಅರವತ್ತು ದಾಟಿರಬೇಕು, ಶಿವಮೊಗ್ಗದಲ್ಲಿದ್ದಾರಂತೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರಂತೆ. ಕಚೇರಿ ಮಾಡುತ್ತಾರೋ ಇಲ್ಲವೋ ಅವರಿಗೂ ತಿಳಿಯದು. ವಿಳಾಸ ಬರೆದುಕೊಟ್ಟಿದ್ದಾರೆ. ಕಾಗದ ಮೂರು ಸಲ ಬರೆದು ಹರಿದಿದ್ದೇನೆ. ಹೋಗಿಬರುವುದೇ ವಾಸಿ ಎನ್ನುತ್ತಾಳೆ ನಮ್ಮಾಕೆ.

ಹೋದ ಭಾನುವಾರ ಮೊಮ್ಮಗಳ ಫೋನು ಬಂತು. ದನಿಯಲ್ಲಿ ಬೆಂಕಿ. ವಿಮರ್ಶೆಗೆ ಬಿ ಪ್ಲಸ್ ಬಂದಿತ್ತಂತೆ.

‘ಅಪ್ಪನ ಜೊತೆ ಸ್ಕೂಲಿಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳ್ತೀನಿ ತಾತ, ಕೇಳ್ಲಾ?’

‘ಏನಂತ?’

‘ಮಿಸ್, ನೀವು ನಾಲ್ಕನೇ ಪುಟದವರೆಗೂ ಓದಿದ್ರಾ ಅಂತ.’